ಬಯಲು ಸಂಗೀತ ಕಾರ್ಯಕ್ರಮದ ಫೋಟೊ ಪ್ರಾಜೆಕ್ಟ್: ಅನುಮತಿಯಿಂದ ಅಡಿಬರಹದವರೆಗೆ

ಸಮುದಾಯದವರೇ ಸೇರಿ ಬಯಲಿನಲ್ಲಿ ನಡೆಸುವ ಸಂಗೀತ ಕಾರ್ಯಕ್ರಮವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಕಾರ್ಡಿನಲ್ಲಿ ಎಂಟುನೂರು ಫೋಟೊ ಇರುತ್ತವೆ. ಮುಕ್ಕಾಲು ಪಾಲು ಗಾಯಕರದೇ, ಅದರಲ್ಲೂ ಅರ್ಧದಲ್ಲಿ ಮೈಕ್ ಬಾಯಿಯನ್ನು ನುಂಗಿಬಿಟ್ಟಿದೆ, ಮುಖ ಕೆಂಪು ಮುದ್ದೆಯಾಗಿದೆ. ಆ ಮೈದಾನಕ್ಕೆ ಯಾರು ಬಂದಿದ್ದರು, ಕುರ್ಚಿ ಯಾರು ಹಾಕಿದರು, ವೈರ್ ಯಾರು ಎಳೆದರು ಎಂಬುದಕ್ಕೆ ಒಂದು ಚಿತ್ರವೂ ಸಿಗುವುದಿಲ್ಲ. ಕ್ಯಾಮೆರಾ ಸಾಲದೆ ಹೀಗಾಗುವುದು ಅಪರೂಪ. ಕೆಲಸಗಳ ಸರದಿ ತಪ್ಪಿ ಹೀಗಾಗುತ್ತದೆ. ಕೆಳಗಿನ ಹತ್ತು ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕು ಹಂತ ಕಾರ್ಯಕ್ರಮದ ದಿನಕ್ಕೆ ಮುಂಚೆಯೇ ಮುಗಿದಿರಬೇಕು.

## ಹಂತ 1: ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಸಂಗೀತ ಕಾರ್ಯಕ್ರಮದ ಫೋಟೊಗಳು" ಎಂದರೆ ಅದಿನ್ನೂ ವಿಷಯವಾಗಿಲ್ಲ. "ಖಾಲಿ ಮೈದಾನವೊಂದು ಬೆಳಗಿನಿಂದ ರಾತ್ರಿಯೊಳಗೆ ವೇದಿಕೆಯಾಗಿ, ಮತ್ತೆ ಖಾಲಿಯಾಗುವುದು" ಎಂದರೆ ವಿಷಯ. "ಮೊದಲ ಸಲ ವೇದಿಕೆ ಹತ್ತುವ ತಂಡದ ಒಂದು ದಿನ", "ಧ್ವನಿ ಮತ್ತು ಬೆಳಕಿನ ಕೆಲಸದವರು", "ಹಾಡು ಕೇಳುವ ಮುಖಗಳು" ಇವೂ ಆಗುತ್ತವೆ. ವಾಕ್ಯ ಬರೆದ ಮೇಲೆ ಪರೀಕ್ಷೆ ಸುಲಭ. ಅದನ್ನು ಓದಿದವರಿಗೆ ಯಾವ ಚಿತ್ರ ಬೇಕು, ಯಾವುದು ಬೇಡ ಎಂದು ತಿಳಿಯಬೇಕು. ತಿಳಿಯದಿದ್ದರೆ ವಾಕ್ಯ ಇನ್ನೂ ಅಗಲವಾಗಿದೆ.

ಅಂತಿಮವಾಗಿ ಎಷ್ಟು ಚಿತ್ರ ಎಂಬುದನ್ನೂ ಈಗಲೇ ಗೊತ್ತುಮಾಡಿ. ಶಿಕ್ಷಕರು ಸಂಖ್ಯೆ ಹೇಳಿರದಿದ್ದರೆ 12ರಿಂದ 15 ಸಾಕು. ನಲವತ್ತು ಚಿತ್ರ ಒಪ್ಪಿಸಿದರೆ ಆಯ್ಕೆಯ ಹೊರೆಯನ್ನು ನೋಡುವವರ ತಲೆಗೆ ಕಟ್ಟಿದಂತೆ.

## ಹಂತ 2: ಅನುಮತಿ, ಎರಡು ವಾರ ಮುಂಚೆ

ಸಂಘಟಕರಿಗೆ ಒಂದು ಪುಟದ ಪತ್ರ ಬರೆಯಿರಿ. ನಿಮ್ಮ ಹೆಸರು, ಕಾಲೇಜು, ಪ್ರಾಜೆಕ್ಟಿನ ಉದ್ದೇಶ, ಚಿತ್ರಗಳು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತವೆ (ತರಗತಿ, ಪ್ರದರ್ಶನ, ಅಂತರ್ಜಾಲ), ಸಂಘಟಕರಿಗೆ ನೀವು ಎಷ್ಟು ಚಿತ್ರ ಕೊಡುತ್ತೀರಿ, ಇಷ್ಟು ಇರಲಿ. ಬಾಯಿಮಾತಿನ ಒಪ್ಪಿಗೆ ಆ ದಿನ ಗೇಟಿನಲ್ಲಿ ನಿಂತ ಸ್ವಯಂಸೇವಕರಿಗೆ ಗೊತ್ತಿರುವುದಿಲ್ಲ. ಉತ್ತರದ ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ.

ಪತ್ರದ ಜೊತೆಗೇ ಕೇಳಬೇಕಾದವು: ಯಾವ ತಂಡ ಎಷ್ಟು ಹೊತ್ತಿಗೆ? ಸೌಂಡ್ ಚೆಕ್ (ಕಾರ್ಯಕ್ರಮಕ್ಕೆ ಮುಂಚೆ ಮೈಕ್, ವಾದ್ಯಗಳ ಧ್ವನಿ ಸರಿನೋಡುವುದು) ಯಾವಾಗ? ವೇದಿಕೆಯ ಪಕ್ಕಕ್ಕೆ, ಹಿಂದಕ್ಕೆ ಹೋಗಬಹುದೇ? ಫ್ಲ್ಯಾಷ್ ಬಳಸಬಹುದೇ? ದೊಡ್ಡ ಸಂಗೀತ ಕಛೇರಿಗಳಲ್ಲಿ ಛಾಯಾಗ್ರಾಹಕರಿಗೆ ಮೊದಲ ಮೂರು ಹಾಡು ಮಾತ್ರ, ಅದೂ ಫ್ಲ್ಯಾಷ್ ಇಲ್ಲದೆ, ಎಂಬ ರೂಢಿ ಬಹಳ ಕಡೆ ಇದೆ. ಸಮುದಾಯದ ಕಾರ್ಯಕ್ರಮದಲ್ಲಿ ಅಷ್ಟು ಬಿಗಿ ಇರದೇ ಇರಬಹುದು. ಆದರೂ ಫ್ಲ್ಯಾಷ್ ಬೇಡವೆಂದೇ ಇಟ್ಟುಕೊಳ್ಳಿ. ವೇದಿಕೆಯ ಬೆಳಕನ್ನು ಅದು ಚಪ್ಪಟೆ ಮಾಡುತ್ತದೆ, ನುಡಿಸುವವರ ಕಣ್ಣಿಗೂ ಚುಚ್ಚುತ್ತದೆ.

ಮಕ್ಕಳ ತಂಡವಿದ್ದರೆ ಹೆತ್ತವರ ಲಿಖಿತ ಒಪ್ಪಿಗೆಯನ್ನು ಸಂಘಟಕರ ಮೂಲಕ ಮೊದಲೇ ಪಡೆಯಿರಿ. ಕಾರ್ಯಕ್ರಮ ಮುಗಿದ ಮೇಲೆ ಹೆತ್ತವರನ್ನು ಹುಡುಕಿಕೊಂಡು ಹೋಗುವುದು ಆಗದ ಕೆಲಸ, ಎಷ್ಟೋ ಪ್ರಾಜೆಕ್ಟಿನ ಅತ್ಯುತ್ತಮ ಚಿತ್ರ ಹೊರಗುಳಿದಿರುವುದು ಇದೊಂದರಿಂದ.

## ಹಂತ 3: ಜಾಗವನ್ನು ಅದೇ ಹೊತ್ತಿನಲ್ಲಿ ನೋಡಿ

ಒಂದೆರಡು ದಿನ ಮುಂಚೆ, ಕಾರ್ಯಕ್ರಮ ನಡೆಯುವ ಹೊತ್ತಿಗೇ ಹೋಗಿ. ಬೆಳಿಗ್ಗೆ ನೋಡಿ ಬಂದರೆ ಸಂಜೆಯ ಸೂರ್ಯ ಎಲ್ಲಿರುತ್ತಾನೆಂದು ತಿಳಿಯುವುದಿಲ್ಲ.

ಮೊದಲು ವೇದಿಕೆಯ ಮುಖ ಯಾವ ದಿಕ್ಕಿಗೆ ಎಂದು ನೋಡಿ. ಸಂಜೆ ಸೂರ್ಯ ವೇದಿಕೆಯ ಹಿಂದಿದ್ದರೆ, ಮುಳುಗುವವರೆಗೂ ಹಾಡುವವರು ಬರಿಯ ನೆರಳಾಕೃತಿ. ಆಗ ಎರಡೇ ದಾರಿ: ನೆರಳಾಕೃತಿಯನ್ನೇ ಬೇಕೆಂದು ತೆಗೆಯುವುದು, ಇಲ್ಲವೇ ವೇದಿಕೆಯ ಪಕ್ಕಕ್ಕೆ ಸರಿದು ಹಿಂಬದಿಗೆ ಆಕಾಶ ಬಾರದಂತೆ ನೋಡಿಕೊಳ್ಳುವುದು. ಸೂರ್ಯ ಕೇಳುಗರ ಬೆನ್ನ ಹಿಂದಿದ್ದರೆ ಬೆಳಕು ಚೆನ್ನಾಗಿರುತ್ತದೆ, ಆದರೆ ಹಾಡುವವರು ಕಣ್ಣು ಕಿರಿದು ಮಾಡಿರುತ್ತಾರೆ.

ಚಪ್ಪರದ ಬಟ್ಟೆಯ ಬಣ್ಣ ಗಮನಿಸಿ. ನೀಲಿ ಟಾರ್ಪಾಲಿನ ಕೆಳಗೆ ಎಲ್ಲರ ಮುಖವೂ ನೀಲಿ, ಕೆಂಪು ಬಟ್ಟೆಯ ಕೆಳಗೆ ಕೆಂಪು. ಇದನ್ನು ಆಮೇಲೆ ತಿದ್ದುವುದು ಕಷ್ಟ, ಏಕೆಂದರೆ ಹಿನ್ನೆಲೆಯ ಬಯಲಿನ ಬೆಳಕು ಬೇರೆ ಬಣ್ಣದ್ದಾಗಿರುತ್ತದೆ. ಚಪ್ಪರದ ಅಂಚಿಗೆ ಕೂರುವ ವಾದಕರ ಮೇಲೆ ಹೊರಗಿನ ಬೆಳಕು ಬೀಳುತ್ತದೆ. ಹಗಲಿನ ಚಿತ್ರಗಳಿಗೆ ಅವರೇ ನಿಮ್ಮ ಆಸರೆ.

ನಿಲ್ಲುವ ಜಾಗ ನಾಲ್ಕು ಗುರುತಿಸಿ: ವೇದಿಕೆಯ ಎಡ, ಬಲ, ಸೌಂಡ್ ಮಿಕ್ಸರ್ ಇರುವಲ್ಲಿ, ಮತ್ತು ಇಡೀ ಮೈದಾನ ಕಾಣುವ ಎತ್ತರದ ಒಂದು ಜಾಗ (ಮೆಟ್ಟಿಲು, ಮಹಡಿ). ಒಂದರಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ನಿಮಿಷ ಎಂದು ನಡೆದೇ ನೋಡಿ. ಜನ ತುಂಬಿದಾಗ ಅದರ ಮೂರು ಪಟ್ಟು ಬೇಕು.

## ಹಂತ 4: ಸಲಕರಣೆ ಮತ್ತು ಮನೆಯಲ್ಲೇ ಮುಗಿಸುವ ಸಿದ್ಧತೆ

ಕ್ಯಾಮೆರಾದ ಜೊತೆ ಬರುವ 18–55 ಎಂಎಂ ಲೆನ್ಸ್ ಹಗಲಿಗೆ ಸಾಕು. ರಾತ್ರಿ ಅದು ಕೈಕೊಡುತ್ತದೆ. 55 ಎಂಎಂನಲ್ಲಿ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/5.6ಕ್ಕಿಂತ ತೆರೆದುಕೊಳ್ಳುವುದಿಲ್ಲ. 50 ಎಂಎಂ ಎಫ್/1.8 ಲೆನ್ಸ್ ಅದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಒಂದೇ ಒಂದು ಲೆನ್ಸ್ ಎರವಲು ತರಬಹುದು ಎಂದಾದರೆ ಇದನ್ನೇ ತನ್ನಿ. 70–200 ಎಂಎಂ ಇದ್ದರೆ ಸುಖ, ಇಲ್ಲದಿದ್ದರೆ ಪ್ರಾಜೆಕ್ಟ್ ನಿಲ್ಲುವುದಿಲ್ಲ.

ಬರಿಯ ಫೋನ್ ಇರುವವರು ಬೆರಳಲ್ಲಿ ಎಳೆದು ಜೂಮ್ ಮಾಡಬೇಡಿ. ಫೋನಿನ ಬೇರೆ ಬೇರೆ ಲೆನ್ಸುಗಳು ಕೊಡುವ ನಿಗದಿತ ಅಂತರಗಳಷ್ಟನ್ನೇ ಬಳಸಿ, ಮಿಕ್ಕದ್ದನ್ನು ಕಾಲಿನಿಂದ ನಡೆದು ಸರಿಪಡಿಸಿ. ಮುಖದ ಮೇಲೆ ಒತ್ತಿಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಆಮೇಲೆ ಬೆಳಕನ್ನು ತುಸು ಕೆಳಗೆ ಎಳೆಯಿರಿ.

ಬ್ಯಾಟರಿ ಮೂರು. ಕಾರ್ಡ್ ಎರಡು: 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಆಮೇಲೆ ತಿದ್ದಲು ಅನುಕೂಲವಾಗುವಂತೆ ಸೆನ್ಸರಿನ ಮಾಹಿತಿಯನ್ನು ಹಾಗೆಯೇ ಇಟ್ಟ ಫೈಲ್) ಸುಮಾರು 25ರಿಂದ 30 ಎಂಬಿ, ಆದ್ದರಿಂದ 64 ಜಿಬಿ ಕಾರ್ಡಿನಲ್ಲಿ ಎರಡು ಸಾವಿರದಷ್ಟು ಹಿಡಿಯುತ್ತವೆ. ಒಂದರಲ್ಲೇ ಎಲ್ಲ ಹಿಡಿದರೂ ಅರ್ಧ ದಿನಕ್ಕೆ ಕಾರ್ಡ್ ಬದಲಿಸಿ. ಒಂದು ಕೆಟ್ಟರೆ ಅರ್ಧವಾದರೂ ಉಳಿಯುತ್ತದೆ. ಲೆನ್ಸ್ ಒರೆಸುವ ಬಟ್ಟೆ, ಮಳೆಗೆ ದೊಡ್ಡ ಪ್ಲಾಸ್ಟಿಕ್ ಚೀಲ ಮತ್ತು ರಬ್ಬರ್ ಬ್ಯಾಂಡ್, ಸಣ್ಣ ಟಾರ್ಚ್, ಪೆನ್ನು, ಪುಟ್ಟ ನೋಟ್‌ಬುಕ್. ಟ್ರೈಪಾಡ್ ಮನೆಯಲ್ಲೇ ಇರಲಿ, ಜನಸಂದಣಿಯಲ್ಲಿ ಅದು ಕಾಲಿಗೆ ಸಿಗುವ ವಸ್ತು.

ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿರುವ ಮಿತಿಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬಂದಾಗ ಉಳಿಯುವುದು ಹದಿನೈದು ನಿಮಿಷ. ಸ್ಪೀಕರಿನ ಬುಡದಲ್ಲಿ ಕೂತು ಫೋಟೊ ತೆಗೆಯುವವರು ಇದನ್ನು ಸುಲಭವಾಗಿ ದಾಟುತ್ತಾರೆ.

ಮನೆಯಲ್ಲೇ ಕ್ಯಾಮೆರಾದ ಗಡಿಯಾರ ಸರಿಮಾಡಿ. ಇಬ್ಬರು ಸೇರಿ ಮಾಡುವ ಪ್ರಾಜೆಕ್ಟಾದರೆ ಎರಡೂ ಕ್ಯಾಮೆರಾದಲ್ಲಿ ಒಂದೇ ಫೋನಿನ ಗಡಿಯಾರದ ಫೋಟೊ ತೆಗೆದಿಡಿ. ಸಮಯದ ವ್ಯತ್ಯಾಸ ಇದ್ದರೂ ಆಮೇಲೆ ಸರಿಹೊಂದಿಸಬಹುದು. ರಾ ಆನ್ ಮಾಡಿ, ಫೋಕಸ್ ಸಹಾಯಕ್ಕೆ ಉರಿಯುವ ಪುಟ್ಟ ದೀಪ ಮತ್ತು ಬೀಪ್ ಸದ್ದು ಎರಡನ್ನೂ ಆಫ್ ಮಾಡಿ.

## ಹಂತ 5: ಎರಡು ಗಂಟೆ ಮುಂಚೆ ತಲುಪಿ, ಅರ್ಧ ಪ್ರಾಜೆಕ್ಟ್ ಮುಗಿಸಿ

ಇದನ್ನು ಬಿಟ್ಟವರೇ ಹೆಚ್ಚು. ಸೌಂಡ್ ಚೆಕ್ ಹೊತ್ತಿನಲ್ಲಿ ಜನವಿಲ್ಲ, ವೇದಿಕೆಯ ಹತ್ತಿರ ಹೋಗಬಹುದು, ಹಗಲ ಬೆಳಕಿದೆ, ವಾದಕರು ಇನ್ನೂ ಪ್ರದರ್ಶನದ ಮುಖ ಹಾಕಿಕೊಂಡಿರುವುದಿಲ್ಲ. ತಂತಿ ಬಿಗಿಯುವ ಬೆರಳು, ಚರ್ಮವಾದ್ಯವನ್ನು ಶ್ರುತಿಗೆ ತರುವ ಕೈ, ನೆಲದ ಮೇಲಿನ ಕೇಬಲ್ಲಿನ ಗೋಜಲು, ಕುರ್ಚಿ ಜೋಡಿಸುವವರು, ಕೈಯಲ್ಲಿ ಬರೆದ ಹಾಡುಗಳ ಪಟ್ಟಿ, ಖಾಲಿ ವೇದಿಕೆಯ ಅಗಲದ ನೋಟ, ಇವೆಲ್ಲ ಆಮೇಲೆ ಸಿಗುವುದಿಲ್ಲ.

ಅಗಲದ ನೋಟವನ್ನು ಎತ್ತರದ ಜಾಗದಿಂದ ತೆಗೆದು, ನಿಂತ ಜಾಗಕ್ಕೆ ಗುರುತು ಇಟ್ಟುಕೊಳ್ಳಿ. ಮೈದಾನ ತುಂಬಿದಾಗ ಮತ್ತು ಖಾಲಿಯಾದಾಗ ಅದೇ ಜಾಗದಿಂದ, ಅದೇ ಲೆನ್ಸಿನಲ್ಲಿ ಇನ್ನೆರಡು ಸಲ ತೆಗೆಯಬೇಕು. ಈ ಮೂರು ಚಿತ್ರ ಪ್ರಾಜೆಕ್ಟಿನ ಬೆನ್ನೆಲುಬಾಗುತ್ತವೆ.

ಹೆಸರು ಬರೆದುಕೊಳ್ಳುವ ಕೆಲಸವೂ ಈಗಲೇ. ಯಾರು, ಏನು ನುಡಿಸುತ್ತಾರೆ ಎಂದು ಕೇಳಿ, ಅವರ ಎದುರಿಗೇ ಬರೆದು, ತೋರಿಸಿ, ಅಕ್ಷರ ಸರಿಯಿದೆಯೇ ಎಂದು ಖಚಿತಮಾಡಿಕೊಳ್ಳಿ.

## ಹಂತ 6: ಮೂರು ಬೆಳಕು, ಮೂರು ಲೆಕ್ಕ

ಮ್ಯಾನುವಲ್ ಮೋಡ್ ಒಗ್ಗದವರು ಷಟರ್ ಸ್ಪೀಡ್ (ಬೆಳಕು ಒಳಬರುವ ಅವಧಿ) ಮತ್ತು ಅಪರ್ಚರ್ ತಾವು ಇಟ್ಟು, ಐಎಸ್ಒ (ಏರಿಸಿದರೆ ಚಿತ್ರ ಬೆಳಗುತ್ತದೆ, ಕಾಳುಕಾಳೂ ಆಗುತ್ತದೆ) ಮಾತ್ರ ಕ್ಯಾಮೆರಾಕ್ಕೆ ಬಿಡಿ. ಹಾಡುವವರಿಗೆ ಸೆಕೆಂಡಿನ 1/250, ಕುಣಿಯುವವರಿಗೆ ಮತ್ತು ಡ್ರಮ್ಸಿಗೆ 1/500. ಕೋಲು ಮಸುಕಾಗಿ ಮುಖ ಮಾತ್ರ ಸ್ಪಷ್ಟವಾಗಿರಬೇಕೆಂದರೆ 1/60 ಇಟ್ಟು ಇಪ್ಪತ್ತು ಚಿತ್ರ ತೆಗೆಯಿರಿ, ಒಂದೆರಡು ದಕ್ಕುತ್ತವೆ.

ಹಗಲು. ಚಪ್ಪರದೊಳಗಿನ ಮುಖಕ್ಕೂ ಹಿಂದಿನ ಬಯಲಿಗೂ ಬೆಳಕಿನ ಅಂತರ ವಿಪರೀತ. ಕ್ಯಾಮೆರಾ ಬಯಲನ್ನು ನಂಬಿ ಮುಖವನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕಹಾಕಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +1 ಕೊಡಿ, ಇಲ್ಲವೇ ಹಿನ್ನೆಲೆಯಲ್ಲಿ ಗೋಡೆಯೋ ಮರವೋ ಬರುವಂತೆ ಸರಿಯಿರಿ. ಎರಡನೆಯದು ಯಾವಾಗಲೂ ವಾಸಿ.

ಮುಸ್ಸಂಜೆ. ಸೂರ್ಯ ಮುಳುಗಿದ ನಂತರದ ಇಪ್ಪತ್ತು ಮೂವತ್ತು ನಿಮಿಷ, ಸ್ಥಳ ಮತ್ತು ಋತುವಿಗೆ ತಕ್ಕಂತೆ ಹೆಚ್ಚು ಕಡಿಮೆ, ಆಕಾಶದ ನೀಲಿ ಮತ್ತು ವೇದಿಕೆಯ ದೀಪ ಸಮತೂಕಕ್ಕೆ ಬರುತ್ತವೆ. ವೇದಿಕೆ, ಜನ, ಆಕಾಶ ಮೂರೂ ಒಂದೇ ಚಿತ್ರದಲ್ಲಿ ಸರಿಯಾಗಿ ಕಾಣುವುದು ಇಡೀ ದಿನದಲ್ಲಿ ಈ ಹೊತ್ತಿನಲ್ಲಿ ಮಾತ್ರ. ಎಲ್ಲಿದ್ದರೂ ಆಗ ಎತ್ತರದ ಜಾಗಕ್ಕೆ ಬನ್ನಿ, ಎರಡನೆಯ ಅಗಲದ ನೋಟ ತೆಗೆಯಿರಿ. ಆ ಹೊತ್ತಿನಲ್ಲಿ ಮೆಚ್ಚಿನ ತಂಡ ಹಾಡುತ್ತಿದ್ದರೂ ಹೋಗಬೇಕು.

ರಾತ್ರಿ. ಅಪರ್ಚರ್ ಎಫ್/2ರಿಂದ ಎಫ್/2.8, ಐಎಸ್ಒ 1600ರಿಂದ 6400. ಐಎಸ್ಒ ಏರಿಸಲು ಹೆದರಿ 1/60ಕ್ಕೆ ಇಳಿಯುವವರು ಬಹಳ. ಕಾಳುಕಾಳಾದ ಚಿತ್ರವನ್ನು ಸಾಫ್ಟ್‌ವೇರ್ ಸುಧಾರಿಸುತ್ತದೆ, ಅಲುಗಿದ ಮುಖವನ್ನು ಯಾವುದೂ ಸುಧಾರಿಸುವುದಿಲ್ಲ. ಕಡಿಮೆ ಐಎಸ್ಒದಲ್ಲಿ ಕತ್ತಲಾಗಿ ತೆಗೆದು ಆಮೇಲೆ ಬೆಳಗಿಸಿದರೆ ಕಾಳು ಕಡಿಮೆಯೇನೂ ಆಗುವುದಿಲ್ಲ, ಎಷ್ಟೋ ಸಲ ಹೆಚ್ಚೇ ಆಗುತ್ತದೆ. ಕಪ್ಪು ಹಿನ್ನೆಲೆಯನ್ನು ಕಂಡ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಿಸಲು ಹೋಗಿ ಮುಖವನ್ನು ಸುಟ್ಟುಬಿಡುತ್ತದೆ. ಆದ್ದರಿಂದ ಇಲ್ಲಿ ಕಾಂಪೆನ್ಸೇಷನ್ -1ರ ಆಸುಪಾಸು.

ಎಲ್‌ಇಡಿ ದೀಪಗಳ ಎರಡು ಕಾಟಗಳನ್ನು ಬೇರೆಯಾಗಿ ತಿಳಿದುಕೊಳ್ಳಬೇಕು. ಮೊದಲನೆಯದು ಪಟ್ಟೆ. ಈ ದೀಪಗಳು ನಮ್ಮ ಕಣ್ಣಿಗೆ ಕಾಣದ ವೇಗದಲ್ಲಿ ಹತ್ತಿ ಆರುತ್ತಿರುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲು ಬೆಳಕಿನಲ್ಲಿ, ಕೆಲವು ಕತ್ತಲಲ್ಲಿ ಸಿಕ್ಕಿ ಅಡ್ಡ ಪಟ್ಟೆ ಮೂಡುತ್ತದೆ. ಮೆಕ್ಯಾನಿಕಲ್ ಷಟರಿಗೆ ಬದಲಿಸಿ, ಸ್ಪೀಡ್ ಇಳಿಸಿ. ಮುಖ್ಯ ವಿದ್ಯುತ್ತಿನಿಂದ ಮಿನುಗುವ ದೀಪವಾದರೆ 50 ಹರ್ಟ್ಸ್ ಇರುವಲ್ಲಿ 1/100, 60 ಹರ್ಟ್ಸ್ ಇರುವಲ್ಲಿ 1/125 ಹೆಚ್ಚುಕಡಿಮೆ ಸರಿಹೋಗುತ್ತದೆ. ಮೊದಲ ಹಾಡಿನಲ್ಲೇ ಒಂದು ಚಿತ್ರ ಹಿಗ್ಗಿಸಿ ಪಟ್ಟೆ ಇದೆಯೇ ನೋಡಿ. ಚಿಕ್ಕ ಪರದೆಯಲ್ಲಿ ಅದು ಕಣ್ಣು ತಪ್ಪಿಸಿಕೊಳ್ಳುತ್ತದೆ.

ಎರಡನೆಯದು ಬಣ್ಣ ಉಕ್ಕುವುದು. ಕಡು ಕೆಂಪು ಅಥವಾ ಕಡು ನೀಲಿ ಬೆಳಕಿನಲ್ಲಿ ಆ ಒಂದು ಬಣ್ಣ ತುಂಬಿ ಹರಿದು, ಮುಖದ ಮೂಗು ಕಣ್ಣುಗಳ ವಿವರವೇ ಅಳಿಸಿಹೋಗುತ್ತದೆ. ಬಿಳಿಯ ಹಿಸ್ಟೊಗ್ರಾಮ್ (ಚಿತ್ರದಲ್ಲಿ ಕತ್ತಲು ಎಷ್ಟು, ಬೆಳಕು ಎಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ) ಇದನ್ನು ತೋರಿಸದೇ ಇರಬಹುದು, ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ಕಾಣುವ ಹಿಸ್ಟೊಗ್ರಾಮ್ ಆನ್ ಮಾಡಿಕೊಳ್ಳಿ. ಒಂದು ಬಣ್ಣ ಬಲಗೋಡೆಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರ್ ಇನ್ನೂ ಇಳಿಸಿ. ಇದಕ್ಕಿಂತ ಒಳ್ಳೆಯ ಉಪಾಯ ಕಾಯುವುದು. ಬಣ್ಣದ ದೀಪಗಳು ಸುತ್ತು ಹಾಕುತ್ತವೆ. ನಾಲ್ಕೈದು ನಿಮಿಷ ನೋಡಿದರೆ ಬಿಳಿ ಅಥವಾ ಹಳದಿ ಬೆಳಕು ಹಾಡಿನ ಯಾವ ಭಾಗಕ್ಕೆ ಬರುತ್ತದೆಂದು ಗೊತ್ತಾಗುತ್ತದೆ.

## ಹಂತ 7: ಫೋಕಸ್ ಮತ್ತು ವಾದ್ಯಕ್ಕೆ ತಕ್ಕ ಕೋನ

ನಿರಂತರ ಫೋಕಸ್ ಮೋಡ್, ಒಂದೇ ಬಿಂದು, ಅದು ಹತ್ತಿರದ ಕಣ್ಣಿನ ಮೇಲೆ. ಕ್ಯಾಮೆರಾ ತಾನೇ ಬಿಂದು ಆರಿಸುವಂತೆ ಬಿಟ್ಟರೆ ಅದು ಮೈಕನ್ನೇ ಹಿಡಿದುಕೂರುತ್ತದೆ. ಮೈಕ್ ಮುಂದಿದೆ, ಹೊಳೆಯುತ್ತದೆ, ಗೆರೆಗಳಿವೆ. ಎಫ್/1.8ರಲ್ಲಿ ಮೈಕಿನಿಂದ ಕಣ್ಣಿಗಿರುವ ಅಂತರದಷ್ಟಕ್ಕೇ ಮುಖ ಮಸುಕಾಗುತ್ತದೆ.

ಗಾಯಕರು ಮೈಕ್ ಕೈಯಲ್ಲಿ ಹಿಡಿದಿದ್ದರೆ, ಆ ಕೈಯ ಎದುರು ಬದಿಗೆ ನಿಲ್ಲಿ. ಸ್ಟ್ಯಾಂಡ್ ಇದ್ದರೆ ನೇರ ಮುಂದೆ ನಿಲ್ಲಲೇಬೇಡಿ, 45 ಡಿಗ್ರಿಯಷ್ಟು ಪಕ್ಕಕ್ಕೆ ಸರಿಯಿರಿ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಗಾಯಕರು ಮೈಕಿನಿಂದ ಹಿಂದೆ ಸರಿಯುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ, ಪಕ್ಕದವರನ್ನು ನೋಡಿ ನಗುತ್ತಾರೆ. ಕಾಯಬೇಕಾದ್ದು ಆ ಕ್ಷಣಕ್ಕೆ. ಹಾಡು ಗೊತ್ತಿರುವವರಿಗೆ ಇದು ಮೊದಲೇ ತಿಳಿಯುತ್ತದೆ, ಆದ್ದರಿಂದ ಸೌಂಡ್ ಚೆಕ್ ಹೊತ್ತಿನಲ್ಲಿ ಕಿವಿಯೂ ತೆರೆದಿರಲಿ.

ವೇದಿಕೆ ಎತ್ತರವಿದ್ದು ನೀವು ಅದರ ಅಂಚಿಗೇ ನಿಂತರೆ ಬರುವುದು ಮೂಗಿನ ಹೊಳ್ಳೆ ಮತ್ತು ಗದ್ದ. ಹತ್ತು ಹೆಜ್ಜೆ ಹಿಂದೆ ಬಂದು ಉದ್ದ ಲೆನ್ಸ್ ಹಾಕಿ, ನೋಟ ಸಮವಾಗುತ್ತದೆ.

ಗಿಟಾರ್ ನುಡಿಸುವವರ ಎಡಬದಿಯಿಂದ ನೋಡಿದರೆ ವಾದ್ಯದ ಕತ್ತು ನಿಮ್ಮ ಕಡೆ ಚಾಚಿ ಬೆರಳು ದೊಡ್ಡದಾಗಿ ಕಾಣುತ್ತವೆ. ಬೆರಳು, ಮುಖ ಎರಡೂ ಸ್ಪಷ್ಟವಾಗಬೇಕಾದರೆ ಎಫ್/4ಕ್ಕೆ ಹೋಗಿ. ಪಿಟೀಲಿನವರ ಕಮಾನು ಹಿಡಿದ ತೋಳು ಮೈಗೆ ಅಡ್ಡ ಬರುತ್ತದೆ, ಕಮಾನು ಪೂರ್ತಿ ಎಳೆದ ಗಳಿಗೆಯಲ್ಲಿ ತೋಳು ಹೊರಚಾಚಿ ಮುಖ ತೆರೆದುಕೊಳ್ಳುತ್ತದೆ. ಡ್ರಮ್ಸಿನವರು ಮುಂದಿನಿಂದ ಸಿಗುವುದೇ ಇಲ್ಲ, ತಟ್ಟೆಗಳು ಮುಖ ಮುಚ್ಚಿರುತ್ತವೆ. ವೇದಿಕೆಯ ಪಕ್ಕದಿಂದ ನಿಂತ ಎತ್ತರದಲ್ಲಿ ಪ್ರಯತ್ನಿಸಿ. ನೆಲದ ಮೇಲೆ ಕೂತು ನುಡಿಸುವವರನ್ನು ನಿಂತು ತೆಗೆದರೆ ನೆತ್ತಿ ಮಾತ್ರ ಬರುತ್ತದೆ, ನೀವೂ ಕೂರಬೇಕು. ವೃಂದಗಾನಕ್ಕೆ ಎಫ್/5.6, ಕನಿಷ್ಠ ಆರೇಳು ಚಿತ್ರ, ಇಪ್ಪತ್ತು ಜನರಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚೇ ಇರುತ್ತಾರೆ.

ಒಂದು ಕೋನದಲ್ಲಿ ಹತ್ತು ಚಿತ್ರ ಆದ ಮೇಲೆ ಜಾಗ ಬದಲಿಸಿ. ಬದಲಿಸುವುದು ಹಾಡು ಮುಗಿದು ಚಪ್ಪಾಳೆ ಬೀಳುವಾಗ, ಬಗ್ಗಿಕೊಂಡು.

## ಹಂತ 8: ವೇದಿಕೆಗೆ ಬೆನ್ನು ಹಾಕಿ

ಪ್ರತಿ ಮೂರನೆಯ ಹಾಡನ್ನು ಕೇಳುಗರಿಗೆಂದೇ ಮೀಸಲಿಡಿ. ರಾತ್ರಿಯಲ್ಲಿ ವೇದಿಕೆಯಿಂದ ಚೆಲ್ಲುವ ಬೆಳಕು ಮೊದಲ ನಾಲ್ಕೈದು ಸಾಲಿನ ಮುಖಗಳಿಗೆ ತಲುಪುತ್ತದೆ. ಅದರಾಚೆ ಕತ್ತಲು, ಅಲ್ಲಿ ಹೆಣಗಬೇಡಿ. ತಾಳ ಹಾಕುವ ಕೈ, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೇಳುತ್ತಿರುವವರು, ಮಿಕ್ಸರ್ ಮುಂದೆ ಬಗ್ಗಿದ ತಲೆ, ತಮ್ಮ ಸರದಿಗೆ ಕಾಯುತ್ತ ತುಟಿಯಲ್ಲೇ ಅಭ್ಯಾಸ ಮಾಡುವವರು ಇಲ್ಲಿದ್ದಾರೆ.

ಗುಂಪಿನ ನೋಟಕ್ಕೆ ಒಬ್ಬೊಬ್ಬರ ಒಪ್ಪಿಗೆ ಕೇಳುವುದು ಸಾಧ್ಯವಿಲ್ಲ. ಒಬ್ಬರ ಮುಖವೇ ಚಿತ್ರವಾದಾಗ ಕೇಳಿ. ತೆಗೆದ ಮೇಲೆ ಪರದೆ ತೋರಿಸಿ ಕೇಳಿದರೆ ಸಹಜ ಭಾವವೂ ಉಳಿಯುತ್ತದೆ. ಬೇಡವೆಂದರೆ ಅವರ ಎದುರಿಗೇ ಅಳಿಸಿ. ಕಾನೂನು ಜಾಗದಿಂದ ಜಾಗಕ್ಕೆ ಬೇರೆ, ಈ ನಡತೆ ಎಲ್ಲ ಕಡೆ ಒಂದೇ.

## ಹಂತ 9: ನಡುವೆ ಕಾಣುವ ಅಪಾಯದ ಸೂಚನೆಗಳು

ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ನಿಂತು ತೆಗೆದದ್ದನ್ನು ನೋಡಿ. ಹಿಂದಿನ ಐವತ್ತು ಚಿತ್ರಗಳಲ್ಲಿ ಒಂದೇ ಮುಖ ಇದ್ದರೆ ನೀವು ಪ್ರಾಜೆಕ್ಟ್ ಮರೆತಿದ್ದೀರಿ. ಎಲ್ಲವೂ ಉದ್ದುದ್ದ ಇದ್ದರೆ ಅಡ್ಡ ಹಿಡಿಯಿರಿ. ಹಿಗ್ಗಿಸಿದಾಗ ಕಣ್ಣಿಗಿಂತ ಕಾಲರ್ ಸ್ಪಷ್ಟವಾಗಿದ್ದರೆ ಫೋಕಸ್ ಬಿಂದು ಜಾರಿದೆ. ದೀಪಗಳ ಸುತ್ತ ಹಾಲಿನಂಥ ಮಬ್ಬು ಕಂಡರೆ ಲೆನ್ಸಿನ ಮೇಲೆ ಬೆರಳಚ್ಚೋ ಇಬ್ಬನಿಯೋ ಕೂತಿದೆ, ಒರೆಸಿ. ಧೂಳಿನಲ್ಲಿ ಲೆನ್ಸ್ ಬದಲಿಸುವುದಾದರೆ ಕ್ಯಾಮೆರಾದ ಬಾಯಿ ಕೆಳಮುಖವಾಗಿರಲಿ, ಗಾಳಿಗೆ ಬೆನ್ನಿರಲಿ. ಬ್ಯಾಟರಿ ಒಂದು ಗೆರೆಗೆ ಇಳಿದಾಗಲೇ ಬದಲಿಸಿ, ಪೂರ್ತಿ ಮುಗಿಯುವುದು ಕೊನೆಯ ಹಾಡಿನಲ್ಲೇ.

ಕೊನೆಯ ಹಾಡಿನ ಜೊತೆ ಹೊರಡಬೇಡಿ. ಕಳಚುವ ಕೇಬಲ್, ತಬ್ಬಿಕೊಳ್ಳುವ ತಂಡ, ಮಡಚಿದ ಕುರ್ಚಿಗಳ ರಾಶಿ, ಮತ್ತು ಮೂರನೆಯ ಅಗಲದ ನೋಟ ಇನ್ನೂ ಬಾಕಿ ಇವೆ. ಮುಕ್ಕಾಲು ಗಂಟೆ ಹಿಡಿಯುತ್ತದೆ.

## ಹಂತ 10: ಅದೇ ರಾತ್ರಿಯಿಂದ ಒಪ್ಪಿಸುವವರೆಗೆ

ಮಲಗುವ ಮುಂಚೆ ಕಾರ್ಡುಗಳನ್ನು ಕಂಪ್ಯೂಟರಿಗೂ ಇನ್ನೊಂದು ಡಿಸ್ಕಿಗೂ ನಕಲಿಸಿ. ಎರಡೂ ಕಡೆ ಫೈಲು ತೆರೆಯುತ್ತದೆಂದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ನೋಟ್‌ಬುಕ್ಕಿನ ಹಾಳೆಗಳ ಫೋಟೊವನ್ನೂ ಅದೇ ಫೋಲ್ಡರಿಗೆ ಹಾಕಿ.

ಆಯ್ಕೆಗೆ ಎರಡು ದಿನ ಬಿಟ್ಟು ಕೂರಿ. ಮೊದಲ ಸುತ್ತಿನಲ್ಲಿ ಮಸುಕಾದದ್ದು, ಕಣ್ಣು ಮುಚ್ಚಿದ್ದು ತೆಗೆದು ಎಂಟುನೂರನ್ನು ನೂರಕ್ಕೆ ಇಳಿಸಿ. ಎರಡನೆಯದರಲ್ಲಿ ಒಂದೇ ಮಾತು ಹೇಳುವ ಎರಡು ಚಿತ್ರಗಳಲ್ಲಿ ಒಂದನ್ನು ಬಿಟ್ಟು ಮೂವತ್ತಕ್ಕೆ ತನ್ನಿ. ಮೂರನೆಯದಕ್ಕೆ ಸಣ್ಣ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ, ಹಂತ 1ರ ವಾಕ್ಯವನ್ನು ಪಕ್ಕದಲ್ಲಿಟ್ಟು ಹದಿನೈದನ್ನು ಜೋಡಿಸಿ. ಹದಿನೈದರಲ್ಲಿ ವೇದಿಕೆಯ ಮೇಲಿನ ಪ್ರದರ್ಶನ ಐದಕ್ಕಿಂತ ಹೆಚ್ಚು ಬೇಡ. ತೆಗೆಯಲು ಬಹಳ ಕಷ್ಟಪಟ್ಟ ಚಿತ್ರ ಎಂಬ ಕಾರಣಕ್ಕೆ ಯಾವುದನ್ನೂ ಉಳಿಸಬೇಡಿ, ನಿಮ್ಮ ಕಷ್ಟ ಚಿತ್ರದಲ್ಲಿ ಕಾಣುವುದಿಲ್ಲ.

ತಿದ್ದುವಾಗ ಬೆಳಕು, ಬಣ್ಣ, ಕಾಳು, ಕ್ರಾಪ್ ಇಷ್ಟಕ್ಕೆ ನಿಲ್ಲಿಸಿ. ಅಡ್ಡ ಬಂದ ಮೈಕ್ ಸ್ಟ್ಯಾಂಡನ್ನೋ ತಲೆಯನ್ನೋ ಅಳಿಸಿದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ನೇರಳೆ ಬೆಳಕಿನ ಮುಖ ಯಾವುದಕ್ಕೂ ಬಗ್ಗದಿದ್ದರೆ ಕಪ್ಪುಬಿಳುಪು ಮಾಡಬಹುದು, ಆದರೆ ಹದಿನೈದರಲ್ಲಿ ಒಂದೇ ಒಂದು ಕಪ್ಪುಬಿಳುಪು ಇದ್ದರೆ ತೇಪೆಯಂತೆ ಕಾಣುತ್ತದೆ. ಮಾಡಿದರೆ ಎಲ್ಲವನ್ನೂ ಮಾಡಿ.

ಅಡಿಬರಹದಲ್ಲಿ ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವತ್ತು ಎಂದು ಎರಡು ವಾಕ್ಯ. "ಸಂಗೀತದಲ್ಲಿ ಮೈಮರೆತ ಗಾಯಕಿ" ಎಂದು ಬರೆಯಬೇಡಿ, ಅದು ಚಿತ್ರದಲ್ಲೇ ಕಾಣಬೇಕು. ಚಿತ್ರದಲ್ಲಿ ಕಾಣದ್ದನ್ನು ಬರೆಯಿರಿ: ಆಕೆಯ ಹೆಸರು, ಅದು ಎಷ್ಟನೆಯ ಹಾಡು, ಹಿಂದೆ ತಂಬೂರಿ ಹಿಡಿದವರು ಯಾರು.

ಪ್ರದರ್ಶನಕ್ಕೆ ಪ್ರಿಂಟ್ ಹಾಕಿಸುವುದಾದರೆ 6000 × 4000 ಪಿಕ್ಸೆಲ್ಲಿನ ಫೈಲು ಇಂಚಿಗೆ 300ರಂತೆ 20 × 13 ಇಂಚಿನವರೆಗೆ ನಿಲ್ಲುತ್ತದೆ, ಅರ್ಧ ಕ್ರಾಪ್ ಮಾಡಿದ ಚಿತ್ರಕ್ಕೆ ಆ ಅಳತೆ ಹೇಳಬೇಡಿ. ಸಂಘಟಕರಿಗೆ ಮತ್ತು ಚಿತ್ರದಲ್ಲಿರುವ ತಂಡಗಳಿಗೆ ಉದ್ದಬದಿ 2048 ಪಿಕ್ಸೆಲ್ ಇರುವ ಎಸ್ಆರ್‌ಜಿಬಿ ಜೆಪೆಗ್ ಪ್ರತಿಗಳನ್ನು (ಎಸ್ಆರ್‌ಜಿಬಿ ಎಂದರೆ ಫೋನ್, ಕಂಪ್ಯೂಟರ್ ಪರದೆಗಳಿಗೆ ಸಾಮಾನ್ಯವಾದ ಬಣ್ಣದ ಪದ್ಧತಿ) ಒಂದು ವಾರದೊಳಗೆ ಕಳಿಸಿ, ಅಡಿಬರಹಗಳ ಕರಡನ್ನೂ ಜೊತೆಗಿಡಿ. ತಪ್ಪಾದ ಹೆಸರುಗಳನ್ನು ಅವರೇ ತಿದ್ದಿ ಕಳಿಸುತ್ತಾರೆ. ಆ ತಿದ್ದುಪಡಿ ಸೇರಿಸಿದ ಮೇಲೆ ಪ್ರಾಜೆಕ್ಟನ್ನು ಕಾಲೇಜಿಗೆ ಒಪ್ಪಿಸಿ.